ಲಾರಿಯ ಬಾಯಿಗೆ ಕಟ್ಟಿದ ಅರಿವೆ

ಮಾಲತೇಶನಿಗೆ ಈಗ ಐವತ್ತು ದಾಟಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅವನ ಮನೆ. ಮನೆಯ ಮುಂದಿನ ಬಯಲಿನಲ್ಲಿ ಅವನ ಹಳೆಯ ಲಾರಿ ನಿಂತಿರುತ್ತದೆ. ಆದರೆ ನನ್ನ ಕಣ್ಣಿಗೆ ಅವನು ಇನ್ನೂ ನಾನು ಮಾಸ್ತರನಾಗಿದ್ದ ಉಪ್ಪಿನಬೆಟಗೇರಿಯ ಶಾಲೆಯ ಮೂರನೆಯ ಇಯತ್ತೆಯ ಹುಡುಗನೇ. ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಹೇಳುತ್ತಿರಲಿಲ್ಲ. ಪಡಸಾಲೆಯ ಆಚೆ ಮೇಲಿನ ಇಯತ್ತೆಯಲ್ಲಿ ಕುಳಿತಿದ್ದ ಅಣ್ಣನ ಕಡೆಗೆ ನೋಡುತ್ತಿದ್ದ. ಅಣ್ಣ ಗೋಣು ಹಾಕಿದರೆ ಉತ್ತರ ಬರುತ್ತಿತ್ತು, ಇಲ್ಲವಾದರೆ ಅಂಗಿಯ ಗುಂಡಿ ತಿರುವುತ್ತ ನಿಂತುಬಿಡುತ್ತಿದ್ದ.

ಅಣ್ಣನ ಹೆಸರು ಪಂಢರಿನಾಥ. ಅವರ ತಂದೆ ವಿಠ್ಠಲ ದೇವರಿಗೆ ಹರಕೆ ಹೊತ್ತಾಗ ಹುಟ್ಟಿದವನು ಅವನು. ಗುಡ್ಡದ ದೇವರಿಗೆ ಹರಕೆ ಹೊತ್ತಾಗ ಹುಟ್ಟಿದವನು ಮಾಲತೇಶ. ಮಾಲತೇಶ ಯಾವ ಶಾಲೆಗೆ ಹೋಗಬೇಕು, ಯಾವಾಗ ಬಿಡಬೇಕು, ಯಾರನ್ನು ಮದುವೆಯಾಗಬೇಕು, ಯಾವ ಬಣ್ಣದ ಅಂಗಿ ಹೊಲಿಸಬೇಕು ಎಂಬುದನ್ನೆಲ್ಲ ಪಂಢರಿನಾಥನೇ ನಿರ್ಧರಿಸಿದ. ತಮ್ಮನಿಗೆ ಅದರಿಂದ ಬೇಸರವಾದದ್ದನ್ನು ನಾನು ಕಂಡಿಲ್ಲ. ದೊಡ್ಡ ಮರದ ನೆರಳಿನಲ್ಲಿ ಕುಳಿತವನ ಹಾಗೆ ತಣ್ಣಗಿದ್ದ.

ಪಂಢರಿನಾಥ ಎಡಚ. ಉಣ್ಣುವುದೊಂದನ್ನು ತಾಯಿಯ ಹೆದರಿಕೆಗೆ ಬಲಗೈಯಿಂದ ಮಾಡುತ್ತಿದ್ದ, ಉಳಿದದ್ದೆಲ್ಲ ಎಡಗೈಯಿಂದಲೇ. ಲಾರಿ ಕೊಂಡ ಮೇಲೆ ಹತ್ತಿಯ ಮೇಲೆ ಹೊದಿಸುವ ತಾಡಪತ್ರಿ ಹರಿದರೆ ತಾನೇ ದಬ್ಬಣ ಹಿಡಿದು ಕೂಡುತ್ತಿದ್ದ. ಅವನ ಹೊಲಿಗೆ ಎಲ್ಲರ ಹೊಲಿಗೆಯಂತಲ್ಲ, ಅದರ ವಿರುದ್ಧ ದಿಕ್ಕಿಗೆ ಓರೆಯಾಗಿ ಬೀಳುತ್ತಿತ್ತು. ಲಾರಿಗಳು ಸಾಲಾಗಿ ನಿಂತಾಗ ತಾಡಪತ್ರಿಯ ಹೊಲಿಗೆ ನೋಡಿಯೇ ಇದು ಪಂಢರಿಯ ಗಾಡಿ ಎಂದು ನಮ್ಮೂರಿನವರು ಹೇಳುತ್ತಿದ್ದರು.

ಅಣ್ಣತಮ್ಮಂದಿರು ನಮ್ಮ ಕಡೆಯ ಹತ್ತಿಯನ್ನು ಹುಬ್ಬಳ್ಳಿಯ ಜಿನ್ನಿಗೆ ಸಾಗಿಸುತ್ತಿದ್ದರು. ಬೀಜ ಬಿಡಿಸುವ ಆ ಜಿನ್ನಿನ ಅಂಗಳದಲ್ಲಿ ಹತ್ತಿಯ ನವಿರು ಸದಾ ಹಾರಾಡುತ್ತಿರುತ್ತದೆ. ಗಿಡದ ಎಲೆಯ ಮೇಲೆ, ಹುಬ್ಬಿನ ಮೇಲೆ, ಚಹಾದ ಕಪ್ಪಿನಲ್ಲಿ. ಲಾರಿಯ ಮುಂದಿನ ಗಾಲಿಯ ಮೇಲ್ಗಡೆ ಎಂಜಿನ್ನಿಗೆ ಗಾಳಿ ಎಳೆಯುವ ಪೈಪಿನ ಬಾಯಿ ಇರುತ್ತದೆ. ಹತ್ತಿಯ ಗಾಡಿ ಓಡಿಸುವವರಲ್ಲಿ ಒಂದು ರೂಢಿಯುಂಟು. ಅಂಗಳ ಹೊಗುವ ಮುನ್ನ ಆ ಬಾಯಿಗೆ ತೆಳ್ಳಗಿನ ಅರಿವೆ ಕಟ್ಟುತ್ತಾರೆ, ಹೊರಬಿದ್ದ ಮೇಲೆ ಬಿಚ್ಚಿ ಝಾಡಿಸುತ್ತಾರೆ. ಪಂಢರಿನಾಥ ತನ್ನ ಹಳೆಯ ಧೋತರವನ್ನು ಹರಿದು, ಅಂಚು ಮಡಚಿ ಹೊಲಿದು ಇಟ್ಟುಕೊಂಡಿರುತ್ತಿದ್ದ. ಲಾರಿಯ ಬಾಯಿಗೆ ಅರಿವೆ ಕಟ್ಟಿದನೇ ಹೊರತು ತನ್ನ ಬಾಯಿಗೆ ಎಂದೂ ಕಟ್ಟಿಕೊಳ್ಳಲಿಲ್ಲ.

ಹತ್ತಿ ಅವನ ಎದೆಗೆ ಇಳಿಯಿತು. ಕಡೆಯ ವರ್ಷ ಅವನು ಗಾಡಿ ಹತ್ತಿದರೆ ಇಳಿಯಲಾರ, ಇಳಿದರೆ ಹತ್ತಲಾರ. ಎರಡು ಗಿಡ್ಡ ಉಸಿರು, ಆಮೇಲೆ ಉಗುಳು ನುಂಗುವಷ್ಟು ತಡೆ, ಆಮೇಲೆ ಸಿಳ್ಳೆಯಂಥ ಒಂದು ಉದ್ದ ಉಸಿರು. ಉಪ್ಪಿನಬೆಟಗೇರಿಯಲ್ಲಿ ನನ್ನ ಮನೆಗೂ ಪಂಢರಿನಾಥನ ಮನೆಗೂ ನಡುವೆ ಒಂದೇ ಗೋಡೆ. ಅದು ನನಗೂ ಬಾಯಿಪಾಠವಾಗಿತ್ತು. ಅವನ ಹೆಂಡತಿ ದ್ರಾಕ್ಷಾಯಿಣಿ ಲಾರಿ ಮನೆಯ ಮುಂದೆ ನಿಂತ ಕೂಡಲೇ ಶುಂಠಿ ಕುದಿಸಿದ ಬಿಸಿನೀರನ್ನು ಅದರ ಕಿಟಕಿಗೆ ಎತ್ತಿ ಕೊಡುತ್ತಿದ್ದಳು. ಅವನು ಕುಡಿದು ಲೋಟ ಮರಳಿಸುತ್ತಿದ್ದ.

ಅವನು ತೀರಿಕೊಂಡು ಎರಡು ವರ್ಷವಾಯಿತು. ದಿನಕರ್ಮ ಮುಗಿದ ಮೇಲೆ ಅವನ ಧೋತರ, ಅಂಗಿ, ಹಾಸಿಗೆಯನ್ನೆಲ್ಲ ಹಳ್ಳಕ್ಕೆ ಬಿಟ್ಟು ಬಂದರು. ನಾನೂ ಜೊತೆಗಿದ್ದೆ. ಒಂದು ತುಂಡೂ ಉಳಿಯದಂತೆ ನೀರು ಒಯ್ದದ್ದನ್ನು ಈ ಕಣ್ಣಿನಿಂದ ನೋಡಿದ್ದೇನೆ.

ಅದಾದ ಸ್ವಲ್ಪ ದಿನಗಳಿಗೆ ಲಾರಿ ಉಸಿರಾಡತೊಡಗಿತು.

ಮೊದಲು ಅದನ್ನು ಗುರುತಿಸಿದವಳು ದ್ರಾಕ್ಷಾಯಿಣಿ. ಹತ್ತಿ ತುಂಬಲು ಊರಿಗೆ ಬಂದ ಮಾಲತೇಶ ಅಣ್ಣನ ಮನೆಯ ಮುಂದೆ ಗಾಡಿ ನಿಲ್ಲಿಸಿ, ಎಂಜಿನ್ ಹಾಗೆಯೇ ಬಿಟ್ಟು ಒಳಗೆ ಬಂದಿದ್ದ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕಿವಿ ನಿಮಿರಿಸಿದಳು. ಎರಡು ಗಿಡ್ಡ, ಒಂದು ತಡೆ, ಒಂದು ಉದ್ದ. ಶುಂಠಿ ನೀರು ಕಾಯಿಸಿ, ಹೊರಗೆ ಹೋಗಿ, ಗಾಳಿ ಪೈಪಿನ ಬಾಯಿಯ ಹತ್ತಿರ ಮಡ್‌ಗಾರ್ಡಿನ ಮೇಲೆ ಲೋಟ ಇಟ್ಟಳು. ಅಂದಿನಿಂದ ಲಾರಿ ಬಂದಾಗಲೆಲ್ಲ ಇದೇ ನಡೆಯಿತು. ಲೋಟ ಮರಳಿ ಒಯ್ಯುವಾಗ ನೀರು ಕಡಿಮೆಯಾಗಿರುತ್ತಿತ್ತು. ಎಂಜಿನ್ನಿನ ಅದುರಿಗೆ ತುಳುಕಿರಬೇಕೆಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಆದರೆ ಮಡ್‌ಗಾರ್ಡು ಪ್ರತಿಸಲವೂ ಒಣಗಿರುತ್ತಿತ್ತು.

ಲಾರಿ ಬಂದ ದಿನ ಅವಳು ಹೊಟ್ಟೆತುಂಬ ಉಣ್ಣುತ್ತಿದ್ದಳು, ನನ್ನ ಹೆಂಡತಿಯೊಡನೆ ನಗುತ್ತಿದ್ದಳು. ಬಾರದ ವಾರ ಒಲೆ ಹೊತ್ತಿಸುತ್ತಲೇ ಇರಲಿಲ್ಲ.

ಕಳೆದ ಹತ್ತಿಯ ಸುಗ್ಗಿಯಲ್ಲಿ ಕಣ್ಣು ತೋರಿಸಿಕೊಳ್ಳಲು ನಾನು ಹುಬ್ಬಳ್ಳಿಗೆ ಹೋಗಬೇಕಾಗಿತ್ತು. ಮಾಲತೇಶ ತುಂಬಿದ ಗಾಡಿಯಲ್ಲಿ ನನ್ನನ್ನೂ ಕೂರಿಸಿಕೊಂಡ. ಊರು ದಾಟಿ ಧಾರವಾಡದ ಕಡೆಗೆ ಬರುವಾಗ ಒಂದು ಏರು ಸಿಗುತ್ತದೆ. ಎರಡೂ ಕಡೆ ಎರೆಹೊಲ, ಒಂದು ಹುಣಸೆಮರ. ಮಟಮಟ ಮಧ್ಯಾಹ್ನ. ಏರಿನ ಅರ್ಧಕ್ಕೆ ಲಾರಿಯ ಎಳೆತ ಕುಗ್ಗಿತು. ಹಿಂದೆ ಕರೀ ಹೊಗೆ, ಮುಂದೆ ಆ ಉಸಿರು ಹೆಚ್ಚುತ್ತ ಹೆಚ್ಚುತ್ತ ಬಂತು.

“ಮಾಸ್ತರ, ಗಟ್ಟಿ ಹಿಡ್ಕೋರಿ,” ಎಂದ ಮಾಲತೇಶ.

ಗಾಡಿ ನಿಂತಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು. ನಮ್ಮ ಬೆನ್ನಿಗೆ ಒಂದು ಟ್ರ್ಯಾಕ್ಟರು, ಅದರ ತುಂಬ ಹತ್ತಿ ಬಿಡಿಸಲು ಹೊರಟ ಹೆಣ್ಣುಮಕ್ಕಳು. ಅವರ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಮಾಲತೇಶ ಬ್ರೇಕಿನ ಮೇಲೆ ನಿಂತು ಸ್ಟೇರಿಂಗ್ ಎಳೆದ; ಹಿಂದಿನ ಗಾಲಿ ರಸ್ತೆಯ ಅಂಚಿನ ದೊಡ್ಡ ಕಲ್ಲಿಗೆ ಬಡಿದು ನಿಂತಿತು. ಟ್ರ್ಯಾಕ್ಟರಿಗೂ ನಮಗೂ ನಡುವೆ ಒಬ್ಬ ಮನುಷ್ಯ ಅಡ್ಡವಾಗಿ ದಾಟುವಷ್ಟು ಜಾಗ ಉಳಿದಿತ್ತು.

ಅವನು ಎಂಜಿನ್ ಬಂದ್ ಮಾಡಿದ. ಹೆಣ್ಣುಮಕ್ಕಳು ಬೈದು ಬೈದು ಸುಮ್ಮನಾದರು. ಗಾಳಿಯಿಲ್ಲ, ಹುಣಸೆಯ ಎಲೆ ಅಲುಗಲಿಲ್ಲ. ಆ ಮೌನದಲ್ಲಿ ಎರಡು ಗಿಡ್ಡ ಉಸಿರು ಕೇಳಿಸಿತು. ತಡೆ. ಆಮೇಲೆ ಉದ್ದ.

“ಗಾಡಿ ಬಂದ್ ಐತಿ ಹೌದಲ್ಲೊ?” ಎಂದೆ.

ಮಾಲತೇಶ ಕೀಲಿಕೈ ತೆಗೆದು ಅಂಗೈಯಲ್ಲಿಟ್ಟು ತೋರಿಸಿದ. “ಬಂದ್ ಐತ್ರಿ.”

“ಮತ್ತ ಇದು?”

“ಸ್ವಲ್ಪ ಹೊತ್ತು ಹಿಂಗ ಇರ್ತಾನ್ರಿ. ಆಮ್ಯಾಲ ಸುಮ್ಮಕಾಗ್ತಾನ.”

ಗಾಡಿಯ ಬಗ್ಗೆ ಹಾಗೆ ಮಾತಾಡುತ್ತಿದ್ದಾನೆಂಬುದು ಅವನಿಗೇ ತಿಳಿದಂತಿರಲಿಲ್ಲ. ಕೀಲಿಕೈ ಮರಳಿ ತೂರಿಸುತ್ತ ಹೇಳಿದ: “ಇವತ್ತ ಆ ಹೆಣ್ಣುಮಕ್ಕಳು ಉಳದ್ರು. ಇನ್ನೊಮ್ಮಿ ಉಳೀತಾರೋ ಇಲ್ಲೋ. ಗಾಡಿ ರಿಪೇರಿ ಮಾಡ್ಸಾಕಬೇಕ್ರಿ. ಆದ್ರ ರಿಪೇರಿ ಮಾಡ್ಸಿದ್ರ ಈ ಸಪ್ಪಳ ಹೋಗ್ತೈತಿ. ವೈನಿಗೆ ನಾ ಏನ್ ಹೇಳ್ಲಿ?”

ಅಣ್ಣನ ಹೆಂಡತಿಯನ್ನು ಅವನು ವೈನಿ ಎಂದೇ ಕರೆಯುತ್ತಿದ್ದ. ಟ್ರ್ಯಾಕ್ಟರಿನವರೇ ಹಗ್ಗ ಕಟ್ಟಿ ನಮ್ಮನ್ನು ಏರಿನ ಮೇಲಕ್ಕೆ ಎಳೆದರು. ಹತ್ತಿ ಇಳಿಸಿ ನೇರವಾಗಿ ಹಫೀಜನ ಗ್ಯಾರೇಜಿಗೆ ಹೋದೆವು.

ಹಫೀಜ ಬೆಂಗೇರಿಯ ಮೇಸ್ತ್ರಿ, ಪಂಢರಿನಾಥನ ಓರಿಗೆಯವನು. ಬಾನೆಟ್ಟಿಗೆ ಕಿವಿಯಿಟ್ಟು ಕೇಳಿದ. “ನಿನ್ನ ಗಾಡಿಗೆ ದಮ್ಮು ಹತ್ತೈತಿ. ನನ್ನ ಹಂತ್ಯಾಕ ಯಾಕ ತಂದಿ ಮಾಲತೇಶಣ್ಣಾ, ದವಾಖಾನಿಗೆ ಒಯ್ಯಬೇಕಿತ್ತು!” ಎಂದು ನಕ್ಕ. ನಾವು ನಗಲಿಲ್ಲ.

ಆಮೇಲೆ ಎಂಜಿನ್ನಿನ ಪಕ್ಕದ ದುಂಡನೆಯ ತಗಡಿನ ಡಬ್ಬಿಯನ್ನು ತಟ್ಟಿ ತೋರಿಸಿದ. ಹಳೆಯ ಲಾರಿಗಳಲ್ಲಿ ಗಾಳಿ ಈ ಡಬ್ಬಿಯಲ್ಲಿರುವ ಎಣ್ಣೆಯ ಮೇಲೆ ಹಾಯ್ದು ಹೋಗುತ್ತದೆ. ಧೂಳು ಎಣ್ಣೆಗೆ ಅಂಟುತ್ತದೆ.

“ಎರಡು ದಾರಿ ಅದಾವ,” ಎಂದ ಹಫೀಜ. “ಈ ಡಬ್ಬಿ ಕಿತ್ತು ಒಗದು ಪೇಪರ್ ಫಿಲ್ಟರ್ ಕೂಡ್ಸೋದು ಒಂದು. ಇಲ್ಲಾಂದ್ರ ಡಬ್ಬಿ ಇರ್ಲಿ, ಗಾಳಿ ಪೈಪು ಉದ್ದ ಮಾಡಿ ಕ್ಯಾಬಿನ್ ನೆತ್ತಿ ಮ್ಯಾಲ ಒಯ್ಯೋದು. ಅಲ್ಲಿ ರಸ್ತೆ ಧೂಳ ಕಡಿಮಿ, ಗಾಳಿ ತಣ್ಣಗ. ನೋಡಾಕೂ ಆನಿ ಸೊಂಡಿ ಎತ್ತಿದಂಗ ಕಾಣ್ತೈತಿ.”

“ನೀವು ಆಗಿದ್ರ ಯಾವುದು ಮಾಡ್ತಿದ್ರಿ?” ಎಂದ ಮಾಲತೇಶ.

“ನಾ ಆಗಿದ್ರ ಗಾಡಿ ಗುಜರಿಗೆ ಹಾಕ್ತಿದ್ದೆ.”

“ಚ್ಯಾಷ್ಟಿ ಬ್ಯಾಡ ಹಫೀಜಭಾಯಿ. ಈ ಉಸಿರಿನ ಸಪ್ಪಳ ಐತಲ್ಲ, ಯಾವುದರಾಗ ಉಳೀತೈತಿ?”

ಹಫೀಜ ಕೈ ಒರೆಸುವುದನ್ನು ನಿಲ್ಲಿಸಿ ಅವನ ಮುಖ ನೋಡಿದ. “ಎಲ್ಲಾರೂ ಸಪ್ಪಳ ತಗಿ ಅಂತ ಬರ್ತಾರ. ಉಳಸು ಅಂದಾಂವ ನೀ ಒಬ್ಬನ ನೋಡಪಾ.” ಆಮೇಲೆ ಹೇಳಿದ: “ಫಿಲ್ಟರ್ ಹಾಕಿದ್ರ ಹೋಗ್ತೈತಿ. ಪೈಪು ಏರ್ಸಿದ್ರ ಉಳೀತೈತಿ. ಆದ್ರ ಒಂದು ಮಾತು. ಹತ್ತಿ ನವಿರು ನೆತ್ತಿ ಮ್ಯಾಲೂ ಹಾರ್ತೈತಿ. ಈ ಡಬ್ಬಿ ಜಾಳಿಗಿ ತುಕ್ಕು ತಿಂದೈತಿ, ಏನೂ ತಡಿಯೂದಿಲ್ಲ. ಏರಿನಾಗ ಮತ್ತ ಗಾಡಿ ನಿಂತ್ರ ನನಗ ಬೈಬ್ಯಾಡ.”

ಮಾಲತೇಶ ನನ್ನ ಕಡೆಗೆ ನೋಡಿದ. ಮೂರನೆಯ ಇಯತ್ತೆಯ ಅದೇ ನೋಟ. ನಾನು ಗೋಣು ಹಾಕಲಿಲ್ಲ. ಏನೆಂದು ಹಾಕಲಿ? ಒಂದು ಕಡೆ ಏರಿನಲ್ಲಿ ಕೂಗಿದ ಹೆಣ್ಣುಮಕ್ಕಳು, ಇನ್ನೊಂದು ಕಡೆ ಲೋಟ ಹಿಡಿದು ಬಾಗಿಲಲ್ಲಿ ನಿಂತವಳು.

“ಪೈಪ ಏರಸ್ರಿ,” ಎಂದ ಅವನು, ಬಹಳ ಸಣ್ಣ ದನಿಯಲ್ಲಿ.

ಹಫೀಜ ಪೈಪು ಬಿಚ್ಚಲು ಕುಳಿತ. ಬಾಯಿಯೊಳಗೆ ಬೆರಳು ಹಾಕಿದವನು ಥಟ್ಟನೆ ಹಿಂದೆ ತೆಗೆದ. “ಒಳಗ ಏನೋ ಐತಿ. ಮೆತ್ತಗ ಐತಿ.”

ತುದಿ ಬಾಗಿಸಿದ ತಂತಿಯಿಂದ ಎಳೆದ. ಮೊದಲು ಒಂದು ಬಿಳಿಯ ಅರಿವೆಯ ತುದಿ ಬಂತು. ಎಳೆದ ಹಾಗೆಲ್ಲ ಒಂದಕ್ಕೊಂದು ಅಂಟಿಕೊಂಡು, ಕರುಳು ಬಂದ ಹಾಗೆ, ಅರಿವೆಯ ಮೇಲೆ ಅರಿವೆ ಬಂತು. ಬಿಳಿ, ಬಿಳಿ, ಆಮೇಲೆ ಹಸಿರು ಸೀರೆಯ ಒಂದು ತುಂಡು, ಅದರಾಚೆ ಮತ್ತೆ ಬಿಳಿ, ಕಡೆಗೆ ಮಸಿಯಾಗಿ ಗುರುತು ಸಿಗದವು. ನೆಲದ ಮೇಲೆ ಅವು ಉದ್ದಕ್ಕೆ ಬಿದ್ದವು. ನೀಲಗಿರಿ ಎಣ್ಣೆಯ ವಾಸನೆ ಗ್ಯಾರೇಜಿನ ತುಂಬ ಹರಡಿತು. ಪಂಢರಿನಾಥ ಕಡೆಯ ದಿನಗಳಲ್ಲಿ ಎದೆಗೆ ತಿಕ್ಕಿಕೊಳ್ಳುತ್ತಿದ್ದ ಎಣ್ಣೆ ಅದು.

“ನಾ ದಿನಾ ಅರಿವಿ ಹೊರಗ ಕಟ್ತೇನಿ, ಬಿಚ್ತೇನಿ,” ಎಂದ ಮಾಲತೇಶ. “ಒಳಗ ಎಂದೂ ಕೈ ಹಾಕಿಲ್ಲ.” ಅವನು ಹಸಿರು ತುಂಡನ್ನು ಮುಟ್ಟಿದ. “ಇದು ವೈನಿ ಸೀರಿ. ಅಕೀನ ತುರುಕ್ಯಾಳ. ಅಣ್ಣನ ದನಿ ಹುಟ್ಟಸಾಕ ತುರುಕ್ಯಾಳ.”

ಅವನು ಆ ಸಾಲಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದ. ಅವನಿಗೆ ಕೋಪ ಬರಬಹುದೆಂದು ಕಾದೆ. ಬರಲಿಲ್ಲ. ಅವನು ತನ್ನದೇ ಬಾಯಿಯ ಮೇಲೆ ಅಂಗೈ ಮುಚ್ಚಿಕೊಂಡು, ಮೂಗನ್ನೂ ಮುಚ್ಚಿಕೊಂಡು, ಬೆರಳ ಸಂದಿಯಿಂದ ಗಾಳಿ ಎಳೆದ. ಎರಡು ಗಿಡ್ಡ. ಒಂದು ತಡೆ. ಒಂದು ಉದ್ದ. ಕೈ ತೆಗೆದು ನನ್ನ ಕಡೆಗೆ ತಿರುಗಿದಾಗ ಅವನ ಕಣ್ಣು ತುಂಬಿತ್ತು.

“ಮಾಸ್ತರ, ಅಂವ ಉಸಿರಾಡಾಕತ್ತಾನ ಅಂತ ತಿಳಕೊಂಡು ನಾವು ಸಂತೋಷ ಪಡಾಕತ್ತಿದ್ವಿ. ಅಂವ ಉಸಿರು ಸಿಗಲಾರದ ಒದ್ದಾಡಾಕತ್ತಿದ್ದ.”

ಎದ್ದು ನಿಂತ. ಈ ಸಲ ನನ್ನ ಕಡೆಗೆ ನೋಡಲಿಲ್ಲ. “ಹಫೀಜಭಾಯಿ, ಡಬ್ಬಿ ತಗೀರಿ. ಫಿಲ್ಟರ್ ಹಾಕ್ರಿ.”

“ಸಪ್ಪಳ ಹೋಗ್ತೈತಿ ನೋಡು. ಆಮ್ಯಾಲ ತಿರುಗಿ ಕೊಡು ಅಂದ್ರ ನನ್ನ ಕಡಿಂದ ಆಗೂದಿಲ್ಲ.”

“ಹೋಗ್ಲಿ. ಸಾಕು ಮಾಡ್ರಿ ಅವನ ಹಿಂಸಾ.”

ಮರುದಿನ ಸಂಜೆಗೆ ಮುಂಚೆ ಹೊಸ ಫಿಲ್ಟರಿನ ಗಾಡಿಯಲ್ಲಿ ಉಪ್ಪಿನಬೆಟಗೇರಿಗೆ ಮರಳಿದೆವು. ಅರಿವೆಗಳನ್ನು ಬಂದ ಸಾಲಿನಲ್ಲಿಯೇ ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡಿದ್ದ ಮಾಲತೇಶ. ಮನೆಯ ಮುಂದೆ ಗಾಡಿ ನಿಲ್ಲಿಸಿ, ಎಂದಿನಂತೆ ಎಂಜಿನ್ ಬಿಟ್ಟೇ ಇಳಿದ. ಎಂಜಿನ್ ಸರಿಯಾಗಿ, ಬರೀ ಎಂಜಿನ್ನಿನ ಹಾಗೆ ಓಡುತ್ತಿತ್ತು.

ದ್ರಾಕ್ಷಾಯಿಣಿ ಲೋಟ ಹಿಡಿದು ಹೊರಗೆ ಬಂದವಳು ಮೆಟ್ಟಿಲ ಮೇಲೆಯೇ ನಿಂತಳು. ಕಿವಿಗೊಟ್ಟಳು. ಮುಖದ ಬಣ್ಣ ಇಳಿಯಿತು. ಗಾಡಿಯ ಸುತ್ತ ಒಂದು ಸುತ್ತು ಬಂದು ಮಾಲತೇಶನನ್ನು ಕೇಳಿದಳು:

“ಎಲ್ಲಿ ಬಿಟ್ಟು ಬಂದಿ?”

ಮಾಲತೇಶ ಏರಿನಲ್ಲಿ ನಡೆದದ್ದನ್ನು, ಫಿಲ್ಟರ್ ಹಾಕಿಸಿದ್ದನ್ನು ತಡವರಿಸುತ್ತ ಹೇಳಿ, ಚೀಲದಿಂದ ಸುರುಳಿ ತೆಗೆದು ಕಟ್ಟೆಯ ಮೇಲೆ ಬಿಚ್ಚಿದ. “ನೀ ಹಿಂಗ ಮಾಡಬಾರದಿತ್ತು ವೈನಿ. ಇಷ್ಟು ಅರಿವಿ ತುರುಕಿದ್ರ ಗಾಡಿ ಹೆಂಗ ಏರತೈತಿ?”

ಅವಳು ಹಸಿರು ತುಂಡನ್ನು ನೋಡಿದ ಕೂಡಲೇ ತಲೆ ತಗ್ಗಿಸಿದಳು. “ಇದು ನಂದು. ಅವರ ಅರಿವಿ ಹಳ್ಳಕ್ಕ ಬಿಟ್ಟು ಬಂದ ಮರುದಿನ ಇಟ್ಟೇನಿ. ಅವರು ಇದ್ದಾಗ ದಿನಾ ಮುಚ್ಚತಿದ್ರಲ್ಲ, ಈಗ ಯಾರು ಮುಚ್ಚತಾರಂತ ಇಟ್ಟೇನಿ.” ಆಮೇಲೆ ಉಳಿದವನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. “ಇವು ನನ್ನವಲ್ಲ.”

“ಮತ್ತ ಯಾರವು?”

ಅವಳು ಒಂದು ತುಂಡಿನ ಅಂಚನ್ನು ನನ್ನ ಕೈಗೆ ಕೊಟ್ಟಳು. ಧೋತರದ ಅರಿವೆ. ಮಡಚಿ ಹೊಲಿದ ಅಂಚು. ಹೊಲಿಗೆ ಓರೆಯಾಗಿತ್ತು, ಎಲ್ಲರ ಹೊಲಿಗೆಯ ವಿರುದ್ಧ ದಿಕ್ಕಿಗೆ.

“ಮೈಯಾಗ ಆರಾಮ ಇಲ್ಲದಾಗ ಮರ್ತು ಒಂದರ ಮ್ಯಾಲ ಒಂದು ಇಟ್ಟಿರಬೇಕು,” ಎಂದೆ ನಾನು. ಅದು ನಿಜವೇ ಇರಬೇಕೆಂದು ನನಗೂ ಆಸೆಯಿತ್ತು.

“ಹಸರಿನ ಒಳಗಿನವು ಹಂಗ ಇರಬಹುದ್ರಿ, ಮಾಸ್ತರ,” ಎಂದಳು ದ್ರಾಕ್ಷಾಯಿಣಿ. “ಅವರು ಹೋದ ಮ್ಯಾಲ ನಾ ನಂದು ಇಟ್ಟೇನಿ. ಹಸರಿನ ಹೊರಗಿನವು?”

ಹಸಿರು ತುಂಡಿನ ಹೊರಗಡೆಯ ಆ ಬಿಳಿಯ ಅರಿವೆಗಳು ಅವಳ ಕೈಯಲ್ಲಿ ಜೋತಾಡುತ್ತಿದ್ದವು. ಅವುಗಳಿಗೂ ಅದೇ ಓರೆ ಹೊಲಿಗೆ. ಎಲ್ಲಕ್ಕಿಂತ ಹೊರಗಿನದಕ್ಕೆ ಇನ್ನೂ ಗಂಜಿಯ ಬಿರುಸು ಇತ್ತು.

ಮೊದಲು ಚೇತರಿಸಿಕೊಂಡವಳು ದ್ರಾಕ್ಷಾಯಿಣಿಯೇ. “ತಮ್ಮ ಎದಿಯಾಗ ಹತ್ತಿ ಹೋತು, ತಮ್ಮನ ಗಾಡ್ಯಾಗ ಹೋಗಬಾರ್ದಂತ ಮುಚ್ಚಾಕತ್ತಿದ್ರು,” ಎಂದಳು ತನ್ನಷ್ಟಕ್ಕೆ. ಆಮೇಲೆ ಮಾಲತೇಶನಿಗೆ: “ಹೊಸಾದು ಹಾಕ್ಸಿದಿಯಲ್ಲ, ಅದು ನವಿರು ತಡೀತೈತಿ?”

“ತಡೀತೈತಿ ವೈನಿ.”

“ಖರೇನ?”

“ಖರೇ. ಅರಿವಿ ಬೇಕಾಗಿಲ್ಲ ಇನ್ನ.”

ಅವಳು ಗಾಳಿ ಪೈಪಿನ ಹತ್ತಿರ ಹೋಗಿ, ಸೆರಗು ತಲೆಯ ಮೇಲೆ ಹೊದ್ದುಕೊಂಡು, ಬದುಕಿದ್ದಾಗ ಗಂಡನೊಡನೆ ಆಡುತ್ತಿದ್ದ ದನಿಯಲ್ಲಿ ಹೇಳಿದಳು: “ಕೇಳಿದ್ರಿಲ್ಲ? ಸಣ್ಣಾಂವ ತಾನ ನೋಡಿ ಮಾಡ್ಸ್ಯಾನ. ಇನ್ನ ಬಿಡ್ರಿ. ಆರಾಮ ಮಾಡ್ರಿ.”

ಸ್ವಲ್ಪ ಹೊತ್ತು ಕಾದಳು. ಬಳಿಕ ಲೋಟದ ಶುಂಠಿ ನೀರನ್ನು ಕಟ್ಟೆಯ ಮೇಲೆ ಕುಳಿತು ತಾನೇ ಕುಡಿದಳು. ಆ ರಾತ್ರಿ ಅವಳ ಮನೆಯಲ್ಲಿ ಒಲೆ ಹೊತ್ತಿತು. ಆಮೇಲಿನ ದಿನಗಳಲ್ಲಿ, ಲಾರಿ ಬರಲಿ ಬಿಡಲಿ, ಹೊತ್ತುತ್ತಲೇ ಇದೆ. ಅರಿವೆಗಳನ್ನು ಮಾಲತೇಶನೇ ಹಳ್ಳಕ್ಕೆ ಬಿಟ್ಟುಬಂದ. ಹಸಿರು ತುಂಡನ್ನು ಮಾತ್ರ ಅವಳು ಇಟ್ಟುಕೊಂಡಳು.

ತುಂಬಿದ ಗಾಡಿ ಈಗ ಆ ಏರನ್ನು ನಿಲ್ಲದೆ ಏರುತ್ತದೆ. ಹುಣಸೆಮರ ದಾಟುವಾಗ ಮಾಲತೇಶ ಒಮ್ಮೆ ಹಾರ್ನ್ ಹೊಡೆಯುತ್ತಾನೆ, ಯಾರೂ ಇಲ್ಲದಿದ್ದರೂ. ಅವನ ನಡೆಯಲ್ಲಿಯೂ ಏನೋ ಬದಲಾಗಿದೆ. ಮೊನ್ನೆ ಮಗಳ ಶಾಲೆಯ ವಿಷಯ ಬಂದಾಗ ಯಾರ ಮುಖವನ್ನೂ ನೋಡದೆ ತನ್ನ ಮಾತು ಹೇಳಿದನೆಂದು ಅವನ ಹೆಂಡತಿ ಕರುಣಾ ನನ್ನ ಮುಂದೆ ಬೆರಗಿನಿಂದ ಹೇಳಿದಳು.

ಜಿನ್ನಿನ ಅಂಗಳದಲ್ಲಿ ಅವನು ಅರಿವೆ ಕಟ್ಟುವುದಿಲ್ಲ. ಆದರೆ ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮುನ್ನ ಪೈಪಿನ ಬಾಯಿಯೊಳಗೆ ಕೈ ಹಾಕಿ ನೋಡುತ್ತಾನೆ. ಹಿಂದಿನ ವಾರ ಅವನ ಮನೆಯಲ್ಲಿ ತಂಗಿದ್ದಾಗ ನಾನೂ ಅದನ್ನು ಕಂಡೆ.

“ಏನರ ಸಿಗತೈತೇನೊ?” ಎಂದು ಕೇಳಿದೆ.

“ಅರಿವಿ ಸಿಗೂದಿಲ್ರಿ,” ಎಂದ. ನನ್ನ ಕೈ ಹಿಡಿದು ಪೈಪಿನ ಬಾಯಿಗೆ ಒಯ್ದ.

ಚಳಿಯ ಬೆಳಗು. ಗಾಡಿ ಹಿಂದಿನ ಸಂಜೆಯಿಂದ ಅಲ್ಲಿಯೇ ನಿಂತಿತ್ತು. ಬಾನೆಟ್ಟಿನ ಮೇಲೆ ಇಬ್ಬನಿ ಹನಿಗಟ್ಟಿತ್ತು. ತಗಡು ಮುಟ್ಟಿದರೆ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಪೈಪಿನ ಬಾಯಿಯೊಳಗೆ ಮಾತ್ರ ಬೆಚ್ಚಗಿತ್ತು. ಸಪ್ಪಳವಿಲ್ಲ, ತಡೆಯಿಲ್ಲ. ನಿದ್ದೆಹೋದ ಮನುಷ್ಯನ ಮುಂದೆ ಕೈ ಹಿಡಿದಂತೆ, ನನ್ನ ಅಂಗೈಗೆ ಮೆಲ್ಲಗೆ, ಒಂದೇ ಸಮನೆ, ಬೆಚ್ಚನೆಯ ಗಾಳಿ ಸೋಕುತ್ತಿತ್ತು.